ಕಂಬಳಿಹುಳಕ್ಕೆ ಬುತ್ತಿ

...ಅದಕ್ಕೇ ಸಂಜೆ ಹೊತ್ತು ಬೇಡ ಅಂದಿದ್ದು, ಆ ಬಿಂದಿಗೆ ಕೆಳಗಿಡು ಚೇತು. ಮಾಗಿ ಚಳೀಲಿ ಸಂಜೆ ನೀರು ಹುಯ್ದ್ರೆ ಗಿಡ ರಾತ್ರಿಯೆಲ್ಲಾ ಒದ್ದೆ ಬಟ್ಟೆ ಉಟ್ಕೊಂಡು ಮಲಗಿದಂಗೆ, ಬೇರು ಕೊಳೀತದೆ. ಬಿಸಿಲು ಬಂದು ಮಣ್ಣು ಬೆಚ್ಚಗಾದ ಮೇಲೆ ಹಾಕ್ಬೇಕು, ಅದೂ ಬುಡಕ್ಕೆ, ಎಲೆ ಮೇಲಲ್ಲ. ಇದೆಲ್ಲಾ ನಿಂಗೆ ಯಾರಣ್ಣ ಹೇಳ್ಕೊಟ್ರು ಅಂತ ಕೇಳಿದ್ರಲ್ಲ, ತಾತ ಹೇಳ್ಕೊಟ್ಟಿದ್ದು. ನೀವು ಅರಕಲಗೂಡಲ್ಲಿದ್ರಿ, ಹಬ್ಬಕ್ಕೆ ಬಂದು ಹೋಗೋರು, ನಿಮ್ಗೆ ತಾತ ಅಂದ್ರೆ ಮೂಲೇಲಿ ಮಲಗಿದ್ದ ಮುದುಕ ಅಷ್ಟೇ. ಕೂತ್ಕೊಳ್ಳಿ ಹೇಳ್ತೀನಿ. ಪುಟ್ಟಿ, ಆ ರಗ್ಗು ಹೊದ್ಕೊಳವ್ವ, ನಡುಗ್ತಾ ಕೂತ್ರೆ ನಾನು ಹೇಳೋದು ಅರ್ಧ ನಿನ್ನ ಹಲ್ಲಿನ ಸದ್ದಲ್ಲೇ ಹೋಗ್ತದೆ. ನಗಬೇಡ್ರೋ. ನಂಗೆ ಹತ್ತೊಂಬತ್ತೇ ಇರಬೌದು, ಎಸ್ಸೆಸ್ಸೆಲ್ಸೀಲಿ ಮೂರು ಸಬ್ಜೆಕ್ಟ್ ಅಲ್ಲೇ ಬಿಟ್ಟು ಬಂದೋನೇ ಇರಬೌದು, ಆದ್ರೆ ಈ ಜಗಲೀಲಿ ಈಗ ದೊಡ್ಡೋನು ಅಂದ್ರೆ ನಾನೇ, ಬೇರೆ ಯಾರೂ ಇಲ್ಲ, ಕೇಳ್ಕೊಳ್ಳಲೇಬೇಕು.

ಆಗ ನಂಗೆ ಹದಿನಾರು. ಓದಿನಲ್ಲಿ ಹಿಂದೆ, ಕಿತಾಪತೀಲಿ ಮುಂದೆ. ಗಣಿತದ ಮೇಷ್ಟ್ರ ಕುರ್ಚಿಗೆ ತುರಿಕೆ ಸೊಪ್ಪು ಉಜ್ಜಿದ್ದು ನಾನೇ. ಹೆಡ್‌ಮೇಷ್ಟ್ರ ದನಿ ತೆಗೆದು ಮೈಕಲ್ಲಿ "ಮಕ್ಕಳೇ, ಈ ದಿನ ಮಧ್ಯಾಹ್ನ ಶಾಲೆಗೆ ರಜೆ ಇರುತ್ತದೆ" ಅಂತ ಅಂದು ಅರ್ಧ ಸ್ಕೂಲ್ ಮನೆಗೆ ಕಳಿಸಿದ್ದೂ ನಾನೇ. ಆ ದನಿ ಇವತ್ತಿಗೂ ಬರ್ತದೆ, ಆಮೇಲೆ ಮಾಡಿ ತೋರಿಸ್ತೀನಿ. ಇಂಥೋನು ಫೇಲಾದ್ರೆ ಯಾರಿಗೂ ಆಶ್ಚರ್ಯ ಇಲ್ಲ. ಅವ್ವ ಆಗ ಇಲ್ಲೇ ಬೆಳಗೊಳದ ಒಂದು ಲಾಡ್ಜಲ್ಲಿ ರೂಮು ಗುಡಿಸಾಕೆ ಹೋಗ್ತಿತ್ತು, ನಮ್ಮಪ್ಪ ಲಾರೀಲಿ ಹೋದ್ರೆ ತಿಂಗಳಿಗೊಂದ್ಸಲ ಬರೋದು. ತಾತ ಮಾತ್ರ ಬಸದಿ ಬೀದಿ ಹಿಂದಿನ ಒಬ್ಬರು ಜೈನರ ಮನೆ ತೋಟ ನೋಡ್ಕೊಳ್ತಿತ್ತು. ಇಪ್ಪತ್ತೈದು ವರ್ಷ, ಅಲ್ಲ, ಜಾಸ್ತೀನೇ, ನಮ್ಮಪ್ಪ ಚಡ್ಡಿ ಹಾಕ್ತಿದ್ದಾಗಿಂದ ಅಂತೆ. ಆ ವರ್ಷ ಕಾರ್ತಿಕ ಮಾಸದಲ್ಲಿ ಒಂದಿನ ಬೆಳಗ್ಗೆ ಎದ್ದು ಚಪ್ಪಲಿ ಮೆಟ್ಟಾಕೆ ಹೋಯ್ತು ನೋಡಿ, ಬಲಗಾಲು ಚಪ್ಪಲಿ ಒಳಗೆ ಹೋಗ್ಲೇ ಇಲ್ಲ. ಲಕ್ವ. ಹಾಸನದ ದೊಡ್ಡಾಸ್ಪತ್ರೇಲಿ ಎರಡು ವಾರ ಇಟ್ಕೊಂಡು ಕಳಿಸಿದ್ರು. ಬಲಗೈ ಜೋತು ಬಿದ್ದಿತ್ತು, ಬಾಯಿ ಒಂದು ಪಕ್ಕ ಎಳೆದಿತ್ತು, ಮಾತು ಗಂಜಿ ಕುಡಿದಂಗೆ ತೊದಲು. ಡಾಕ್ಟ್ರು, ದಿನಾ ನಡೆಸಿ, ಕೈ ಆಡಿಸ್ತಾ ಇರಲಿ, ವಾಪಸ್ ಬರ್ತದೆ ಅಂದ್ರು. ತಾತ ಅದನ್ನೇ ಹಿಡ್ಕೊಂತು. ಒಂದು ನಿಂಬೆಹಣ್ಣು ಅಂಗೈಲಿ ಇಟ್ಕೊಂಡು ಬೆಳಗಿಂದ ಸಂಜೆಗಂಟ ಹಿಚುಕೋದು, ಹಣ್ಣು ಕಪ್ಪಾಗೋಗೋದು, ಇನ್ನೊಂದು ತಗೊಳೋದು.

"ಲೇ ಮಂಜ, ಬಾ ಇಲ್ಲಿ. ನಾನು ಬರಗಂಟ ನೀನು ಓಗ್ಲಾ ತ್ವಾಟಕ್ಕೆ. ಅಮ್ಮಾವ್ರು ಬ್ಯಾರೆಯೋರ್ನ ಇಟ್ಕೊಂಡ್ರೆ ನಂಗೆ ಅಲ್ಲಿ ಜಾಗ ಇರಾಕಿಲ್ಲ. ಮಾಗಿ ಕಳೆಯೋದ್ರೊಳಗೆ ಕೈ ಬತ್ತದೆ. ಮಲ್ಲಿಗೆ ಸವರೋದು ಮಾತ್ರ ನಾನೇ ಕಣ್ಲಾ, ಅದ್ಕೆ ನೀನು ಕತ್ರಿ ಇಕ್ಬ್ಯಾಡ."

ಅದೊಂದೇ ಆಸೆ ತಾತಂಗೆ. ಆ ತೋಟಕ್ಕೆ ತನ್ನ ಕಾಲಲ್ಲಿ ವಾಪಸ್ ಹೋಗಬೇಕು, ದುಂಡುಮಲ್ಲಿಗೆ ತನ್ನ ಕೈಯಲ್ಲೇ ಸವರಬೇಕು. ದುಂಡುಮಲ್ಲಿಗೆ ಗೊತ್ತಲ್ಲ, ಅದಕ್ಕೆ ಚಳಿಗಾಲದಲ್ಲಿ ನೀರು ನಿಲ್ಲಿಸಿ ಒಣಗಿಸ್ತಾರೆ, ಎಲೆ ಹಳದಿ ಆಗಬೇಕು, ಆಮೇಲೆ ಕೊನೆ ಕತ್ತರಿಸಿ ಬುಡ ಬಿಡಿಸಿ ಗೊಬ್ಬರ ಕೊಟ್ರೆ ಬೇಸಿಗೇಲಿ ಗಿಡ ಕಾಣ್ದಂಗೆ ಮೊಗ್ಗು. ಸಾಯ್ಸಿದಂಗೆ ಮಾಡಿ ಬದುಕಿಸೋ ಕೆಲಸ ಅದು. ತಾತ ಅದನ್ನ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಸರಿ, ಹೋದೆ. ಆ ಮನೆ ಅಮ್ಮಾವ್ರು ಅಂದ್ರೆ ಎಪ್ಪತ್ತು ದಾಟಿದೋರು, ಬಿಳೀ ಸೀರೆ, ಕಣ್ಣು ಸ್ವಲ್ಪ ಮಂಜು. ಒಬ್ಬರೇ, ಅಡುಗೆಗೆ ಒಬ್ಬಾಕೆ ಬಂದು ಹೋಗೋಳು. ಬೆಳಕಿರುವಾಗ್ಲೇ ಊಟ ಮುಗಿಸಿ ಬಾಗ್ಲು ಹಾಕೋರು, ಕತ್ತಲಲ್ಲಿ ಓಡಾಡಿದ್ರೆ ಕಾಲಿಗೆ ಏನಾದ್ರೂ ಸಿಕ್ಕಿ ಸಾಯ್ತದೆ ಅಂತ. ತೋಟದಲ್ಲೂ ಅಂಗೇ, ಅಲ್ಲ, ಹಂಗೇ. ತರಗೆಲೆ ಗುಡ್ಡೆ ಹಾಕಿ ಬೆಂಕಿ ಇಕ್ಕಂಗಿಲ್ಲ, ಒಳಗೆ ಹುಳ ಹುಪ್ಪಟೆ ಇರ್ತವೆ. ಚಳೀಲಿ ಬೆಂಕಿ ಕಾಯ್ಸೋಣ ಅಂದ್ರೆ ಅದೂ ಇಲ್ಲ. ಆ ತರಗನ್ನ ಸೇವಂತಿಗೆ ಪಾತೀಲಿ, ಬುಡಕ್ಕೆ ಹರಡಬೇಕು, ತೇವ ಆರದಂಗೆ. ಸಸಿ ಮಡಿಗೆ ರಾತ್ರಿ ಇಬ್ಬನಿ ಬೀಳದಂಗೆ ತೆಂಗಿನ ಗರಿ ಮುಚ್ಚಬೇಕು, ಬೆಳಗ್ಗೆ ತೆಗೀಬೇಕು, ತೆಗೀವಾಗ ಅದರಡಿ ಜಿರಳೆ ಪರಳೆ ಇದ್ರೆ ಕಾದು ಹೋಗಾಕೆ ಬಿಡ್ಬೇಕು. ಇನ್ನು ಔಷಧಿ ಗಿಷಧಿ ಹೊಡೆಯೋ ಮಾತೇ ಇಲ್ಲ. ಹುಳ ಬಂದ್ರೆ ಕೈಲಿ ಆಯ್ಬೇಕು.

ಅದೇ ದೊಡ್ಡ ಕೆಲಸ. ಸೇವಂತಿಗೆ ಹೂ ಬಿಡೋ ಈ ಕಾಲದಲ್ಲೇ ಕಂಬಳಿಹುಳ ಬರೋದು, ಕಂದು ಬಣ್ಣ, ಮೈ ತುಂಬಾ ಕೂದಲು. ಎಲೆ ಅಡಿ ಗುಂಪು ಗುಂಪಾಗಿ ಕೂತಿರ್ತವೆ. ಬಿಸಿಲು ಬರೋ ಮುಂಚೆ ಹೋಗ್ಬೇಕು ನೀವು, ಚಳಿಗೆ ಅವು ಮರಗಟ್ಟಿಕೊಂಡು ಅಲ್ಲಾಡಲ್ಲ, ಎರಡು ಕಡ್ಡೀಲಿ ಎತ್ತಿ ಮಡಕೆಗೆ ಹಾಕ್ಕೋಬೇಕು. ಬಿಸಿಲು ಬಿತ್ತೋ, ಉದುರ್ಕೊಂಡು ಓಡೋಗ್ತವೆ. ಮಡಕೆ ಒಳಗೆ ಮೊದ್ಲೇ ಎರಡು ಹರಳೆಲೆ ಹಾಕಿರ್ಬೇಕು. ಯಾಕೆ ಅಂತ ಕೇಳಿದ್ದಕ್ಕೆ ತಾತ ಏನಂತು ಗೊತ್ತಾ.

"ದಾರೀಲಿ ತಿನ್ನಾಕೆ ಕಣ್ಲಾ. ಮನೆಯಿಂದ ಓಡುಸ್ತಾ ಇದೀವಿ, ಬುತ್ತೀನಾದ್ರೂ ಕಟ್ಬ್ಯಾಡ್ವಾ."

ಆ ಮಡಕೆ ತಗೊಂಡು ಕೆರೆ ಏರಿ ಹಿಂದಿನ ಪೊದೆಗಂಟ ನಡ್ಕೊಂಡು ಹೋಗಿ, ಎಲೆ ಸಮೇತ ಮೆಲ್ಲಗೆ ಇಳಿಸಿ ಬರಬೇಕು. ನಂಗೆ ನಗು. ನಾನು ಹೇಳ್ದೆ, "ತಾತ, ನೀನು ನಿಮ್ಮೂರ ಹೊಲದಲ್ಲಿ ಇದನ್ನ ಕಾಲಲ್ಲಿ ಹೊಸಕಿ ಹಾಕ್ತಿದ್ದೆ ಅಂತೆ, ಅವ್ವ ಹೇಳ್ತು." ತಾತ ಎಡಗಡೆ ಬಾಯಲ್ಲಿ ನಕ್ಕು, "ಊ ಕಣ. ಅಮ್ಮಾವ್ರ ತ್ವಾಟಕ್ಕೆ ಬಂದಾಗ ನಾನೂ ನಿನ್ನಂಗೇ ನಗ್ತಿದ್ದೆ. ಒಂದು ವರ್ಸ ಅವ್ರು ಯೋಳುದ್ರು ಅಂತ ಮಾಡ್ದೆ. ಆಮ್ಯಾಕೆ ಮಾಡ್ದೆ ಇದ್ರೆ ಅನ್ನ ಒಳೀಕೆ ಇಳೀತಿರ್ಲಿಲ್ಲ" ಅಂತು.

ಮೊದಲ ಹದಿನೈದು ದಿನ ನೆಟ್ಟಗೇ ಮಾಡ್ದೆ, ದೇವರಾಣೆ. ಮನೆಗೆ ಬಂದ್ರೆ ತಾತ ಕಾಯ್ತಾ ಕೂತಿರೋದು, "ಎಷ್ಟಿದ್ವು, ಎಲ್ಲಿ ಬುಟ್ಟೆ, ಸೇವಂತ್ಗೆಗೆ ಕೋಲು ಕೊಟ್ಯಾ, ಒಣ ಊವ ಚಿವುಟ್ದ್ಯಾ" ಅಂತ ಒಂದೊಂದೇ ಕೇಳೋದು. ನಾನು ಬರೀ ಲೆಕ್ಕ ಒಪ್ಸೋ ಮಗನಾ, ಆಕ್ಟಿಂಗ್ ಮಾಡಿ ಹೇಳೋನು. "ಇವತ್ತು ಇಪ್ಪತ್ತೇಳು ತಾತ. ಅದ್ರಲ್ಲಿ ಒಂದು ನಮ್ಮ ಸೋದರತ್ತೆ ಥರ, ಮಡಕೆ ಅಂಚಲ್ಲಿ ಸೊಂಟ ಎತ್ಕೊಂಡು, ನಾನ್ಯಾಕೆ ಹೋಗಲಿ, ಇದು ನನ್ನ ತವರುಮನೆ ಅಂತ ನಿಂತ್ಬುಡ್ತು. ಇನ್ನೊಂದು ನಮ್ಮ ಗಣಿತದ ಮೇಷ್ಟ್ರು, ಮೈಯೆಲ್ಲಾ ಕೆರ್ಕೊಳ್ತಾ ಇತ್ತು." ತಾತ ನಕ್ಕು ನಕ್ಕು ಜೊಲ್ಲು ಸುರಿಸ್ಕೊಳ್ಳೋದು, ಅವ್ವ ಸೆರಗಲ್ಲಿ ಒರೆಸೋದು. ಲಕ್ವ ಹೊಡೆದ್ಮೇಲೆ ತಾತ ನಗ್ತಿದ್ದಿದ್ದು ಅದೊಂದಕ್ಕೇ. ಅವ್ವ ಅಡುಗೆಮನೇಲಿ ನನ್ನ ಕರೆದು, "ಎಲ್ಲಾರ್ನೂ ಗೋಳಾಡಿಸ್ದೋನು, ಕೊನೆಗೂ ಒಬ್ಬರಿಗೆ ಉಪಕಾರಕ್ಕೆ ಬಂದೆ" ಅಂತು. ಒಳ್ಳೆ ಮಾತು ಅಂದಿದ್ದು ಅದೇ ಮೊದಲು ಇರಬೇಕು.

ಆಮೇಲೆ ಚಳಿ ಏರ್ತು. ಬೆಟ್ಟದ ಮೇಲಿಂದ ಮಂಜು ಇಳಿದ್ರೆ ಎದುರಿಗಿರೋ ಗಿಡ ಕಾಣ್ತಿರಲಿಲ್ಲ. ಬೆರಳು ಸೆಟೆದು ಕಡ್ಡಿ ಹಿಡಿಯಾಕೆ ಆಗ್ತಿರಲಿಲ್ಲ, ಹುಳದ ಕೂದಲು ಚುಚ್ಚಿ ಮಣಿಕಟ್ಟೆಲ್ಲ ದದ್ದು, ಹರಳೆಣ್ಣೆ ಸವರ್ಕೊಂಡ್ರೂ ಉರಿ. ಅಮ್ಮಾವ್ರು ಎದ್ದು ಪೂಜೆಗೆ ಹೂ ಬಿಡಿಸಾಕೆ ಬರೋದು ಬಿಸಿಲು ಬಂದ್ಮೇಲೆ. ಅಲ್ಲಿಗಂಟ ನೋಡೋರು ಯಾರು. ಒಂದಿನ ಪಂಪ್‌ಸೆಟ್ ಮನೆ ಒಳಗೆ ಗೋಣಿಚೀಲ ಹೊದ್ಕೊಂಡು ಮೊಬೈಲಲ್ಲಿ ರೀಲ್ಸ್ ನೋಡ್ತಾ ಕೂತ್ಬುಟ್ಟೆ. ಮನೆಗೆ ಬಂದು "ಮೂವತ್ತೊಂದು ತಾತ" ಅಂದೆ. ತಾತ ನಕ್ತು. ನಿಜವಾಗಿ ಆಯ್ದು ತಂದ ದಿನಕ್ಕಿಂತ ಅವತ್ತೇ ಚೆನ್ನಾಗಿ ನಕ್ತು ಅಂದ್ರೆ ನೋಡಿ, ಯಾಕೆ ಅಂದ್ರೆ ಕೂತಲ್ಲಿ ಕತೆ ಕಟ್ಟಾಕೆ ನಂಗೆ ಬೇಕಾದಷ್ಟು ಟೈಮ್ ಇತ್ತಲ್ಲ. ಮಾರನೇ ದಿನವೂ ಹಂಗೇ. ಆಮೇಲೆ ದಿನಾ ಅದೇ. ಹುಳ ಆಯ್ತಿದ್ದಿದ್ದು ಬಾಯಲ್ಲಿ. ನೀರೂ ಬಿಸಿಲೇರೋವರೆಗೂ ಕಾಯದೆ ಪೈಪ್ ಬಿಟ್ಟು ಬರೋನು. ನನ್ನ ಕತೆ ಕೇಳ್ತಾ ಕೇಳ್ತಾ ತಾತನ ಬೆರಳು ಸ್ವಲ್ಪ ಮಡಚಾಕೆ ಶುರುವಾಯ್ತು, ಗೋಡೆ ಹಿಡ್ಕೊಂಡು ಹಿತ್ತಲಿಗಂಟ ಹೋಗಿ ಬರೋ ಹಂಗಾಯ್ತು. ನನ್ನ ಸುಳ್ಳಿಂದ ಕೈ ವಾಸಿ ಆಗ್ತಾ ಇದೆ ಅಂತ ನಾನು ನಂಬ್ಕೊಂಡೆ. ಸುಳ್ಳು ಹೇಳೋನು ಮೊದ್ಲು ತನಗೇ ಚೆನ್ನಾಗಿ ಹೇಳ್ಕೊತಾನೆ, ಗೊತ್ತಾ.

ಹುಳ ಸುಮ್ನಿರ್ತವಾ. ಮುಂದಿನ ಎರಡು ಸಾಲು ಬಿಟ್ಟು ಹಿಂದಿನ ಸೇವಂತಿಗೆಯೆಲ್ಲ ಕಡ್ಡಿ ಆಗೋಯ್ತು, ಎಲೆ ನರ ಮಾತ್ರ ಉಳಿದು ಜರಡಿ ಥರ. ಅಮ್ಮಾವ್ರು ಒಂದಿನ ಹೂ ಬಿಡಿಸ್ತಾ, "ಮಂಜುನಾಥ, ಹಿಂದಿನ ಸಾಲು ಯಾಕೋ ಬೋಳಾದ ಹಾಗಿದೆಯಲ್ಲಪ್ಪ" ಅಂದ್ರು. ಅವರೊಬ್ಬರೇ ನನ್ನ ಪೂರ್ತಿ ಹೆಸರು ಹಿಡಿದು ಕರೀತಿದ್ದೋರು. ನಾನು ತಟ್ಟಂತ, "ಚಳಿ ಅಮ್ಮಾವ್ರೆ, ಚಳಿಗೆ ಎಲೆ ಉದುರ್ತವೆ" ಅಂದೆ. "ಹೌದಾ, ಸೇವಂತಿಗೆ ಉದುರೋದು ನಾನು ನೋಡಿರಲಿಲ್ಲ" ಅಂದು ಮುಂದಿನ ಗಿಡಕ್ಕೆ ಹೋದ್ರು. ಅದೇ ವಾರ ಅವ್ವನ ಕೈಲಿ ಹೇಳಿ ಕಳಿಸಿದ್ರು, ಮಲ್ಲಿಗೆ ಎಲೆ ಹಳದಿ ತಿರುಗಿದೆ, ಸವರೋ ಕಾಲ ಬಂತು, ತಾತನ ಹೆಸರು ಹಿಡಿದು, ದ್ಯಾವಪ್ಪಂಗೆ ಆದ್ರೆ ಒಂದ್ಸಲ ಬಂದು ನೋಡಲಿ ಅಂತ. ತಾತನ ಮುಖ ನೋಡ್ಬೇಕಿತ್ತು ನೀವು. "ನಾಳಿದ್ದು ಬತ್ತೀನಿ ಅನ್ನು. ಕತ್ರಿ ಎಡಗೈಲಿ ಇಡ್ಕತೀನಿ, ಬಲಗೈ ಕೊಂಬೆ ಇಡ್ಕಂಡ್ರೆ ಸಾಕು. ಮಂಜ, ಕತ್ರಿ ಸಾಣೆ ಇಡ್ಸು." ಕ್ಷೌರದೋನ್ನ ಮನೆಗೇ ಕರೆಸಿ ಕ್ಷೌರ ಮಾಡಿಸ್ಕೊಂತು, ಮದುವೆ ಗಂಡಿನಂಗೆ.

ಆ ಬೋಳು ಸಾಲು ತಾತನ ಕಣ್ಣಿಗೆ ಬಿದ್ರೆ ನನ್ನ ಕತೆ ಮುಗೀತು. ಮಾರನೇ ದಿನ ಕೋಳಿ ಕೂಗೋ ಹೊತ್ತಿಗೇ ಎದ್ದು ತೋಟಕ್ಕೆ ಓಡಿ ಆಯಾಕೆ ಕೂತೆ. ಮಡಕೆ ತುಂಬ್ತು, ಸುರಿದು ಬಂದೆ, ಮತ್ತೆ ತುಂಬ್ತು. ಬಿಸಿಲು ಬಂದ್ಬುಡ್ತು. ನೋಡಿದ್ರೆ ಒಂದು ಸಾಲೂ ಮುಗಿದಿಲ್ಲ, ಕೈ ಎರಡೂ ಊದಿ ಕಡುಬಾಗಿವೆ. ಆಗ ನೆನಪಾಗಿದ್ದು ಪಕ್ಕದ ಮನೆಯೋರ ಕೊಟ್ಟಿಗೆ ಸೂರಲ್ಲಿ ಸಿಗಿಸಿದ್ದ ಸೀಸೆ, ಶುಂಠಿಗೆ ಹೊಡೆದು ಮಿಕ್ಕಿದ್ದ ಔಷಧಿ. ಮಧ್ಯಾಹ್ನ ಅಮ್ಮಾವ್ರು ಪ್ರವಚನ ಕೇಳಾಕೆ ಹೋದ್ರು. ಬಿಂದಿಗೇಲಿ ಕಲಸಿ, ಮೂಗಿಗೆ ಟವಲ್ ಕಟ್ಕೊಂಡು, ಬೇವಿನ ಸೊಪ್ಪಿನ ಕಂತೇಲಿ ಅದ್ದಿ ಅದ್ದಿ ಚಿಮುಕಿಸ್ದೆ, ಮದುವೆ ಮನೇಲಿ ಪನ್ನೀರು ಹಾಕ್ತಾರಲ್ಲ ಹಂಗೆ. ನಿಜ ಹೇಳ್ತೀನಿ, ಹಾಡ್ಕೊಂಡೇ ಚಿಮುಕಿಸ್ದೆ. ಬೆಳಗ್ಗೆ ಬೇಗ ಬಂದು ಸತ್ತಿದ್ದನ್ನೆಲ್ಲ ಗುಡಿಸಿ ತರಗಿನಡಿ ಹಾಕ್ಬುಟ್ರೆ ಆಯ್ತು, ತಾತ ಬರೋ ಹೊತ್ತಿಗೆ ಎಲ್ಲ ಕ್ಲೀನು ಅಂತ ಪ್ಲಾನು.

ಬೆಳಗ್ಗೆ ಬೇಗ ಹೋಗಾಕೆ ತಾತ ಬಿಡಬೇಕಲ್ಲ. ನನಗಿಂತ ಮುಂಚೆ ಎದ್ದು, ಪಂಚೆ ಉಟ್ಟು, ತಲೆಗೆ ಮಫ್ಲರ್ ಸುತ್ಕೊಂಡು ಜಗಲೀಲಿ ಕೂತಿತ್ತು, ಈ ಜಗಲೀಲೇ. "ನಡೀಲಾ, ಬಿಸ್ಲು ಬರೋಗಂಟ ಉಳ ಆಯ್ಕಂಡು, ಆಮ್ಯಾಕೆ ಮಲ್ಲಿಗೆಗೆ ಕೈ ಇಕ್ಕನ." ಆಟೋ ಬೇಡ ಅಂತು. ಬಲಗೈ ನನ್ನ ಹೆಗಲ ಮೇಲೆ ಹಾಕ್ಕೊಂಡು, ಕಾಲು ಎಳ್ಕೊಂಡು ಎಳ್ಕೊಂಡು ಬಂತು. ಹತ್ತು ಹೆಜ್ಜೆಗೊಂದ್ಸಲ ನಿಲ್ಲೋದು. ದಾರೀಲಿ ಸಿಕ್ಕೋರೆಲ್ಲ "ಏನ್ ದ್ಯಾವಪ್ಪಣ್ಣ, ಸವಾರಿ ಹೊರಡ್ತಾ" ಅನ್ನೋರು, ತಾತ "ಊ ಕಣಪ್ಪ, ಡೂಟಿಗೆ" ಅನ್ನೋದು. ಆ ದಾರಿ ಮುಗೀದೇ ಇರಲಿ ಅಂತ ನಾನು ಗೊಮ್ಮಟೇಶ್ವರಂಗೆ ಕೈ ಮುಗೀತಾ ಬಂದೆ.

ಗೇಟು ತೆಗೆದ್ರೆ, ತಾತ ಬರೋ ದಿನ ಅಂತಲೋ ಏನೋ, ಅಮ್ಮಾವ್ರು ಆಗಲೇ ತೋಟದಲ್ಲಿದ್ರು. ಬಿಸಿಲು ಇನ್ನೂ ಬಂದಿರಲಿಲ್ಲ. ಹಿಂದಿನ ಸಾಲಲ್ಲಿ ನೆಲದ ಮೇಲೆ ಕೂತಿದ್ರು, ಆ ವಯಸ್ಸಲ್ಲಿ, ಬರೀ ನೆಲದ ಮೇಲೆ. ಮುಂದೆ ಒಂದು ಬಿಳೀ ಬಟ್ಟೆ ಹಾಸಿ, ಸತ್ತ ಹುಳ ಒಂದೊಂದೇ ಆಯ್ದು ಅದರ ಮೇಲೆ ಇಡ್ತಾ ಇದ್ರು. ಹೂವಿನ ಬುಟ್ಟಿ ಪಕ್ಕದಲ್ಲಿ ಖಾಲಿ. ಹುಳ ಮಾತ್ರ ಅಲ್ಲ, ಜೇನು ಬಿದ್ದಿದ್ವು, ಸೇವಂತಿಗೆ ಹೂವಿನ ಒಳಗೇ ಕೂತಂಗೆ ಸತ್ತಿದ್ವು, ಎರಡು ಚಿಟ್ಟೆ. ಬಾಯಲ್ಲಿ ಏನೋ ಮಂತ್ರ ಹೇಳ್ಕೊತಿದ್ರು. ನಮ್ಮನ್ನ ನೋಡಿ ಮಂತ್ರ ನಿಲ್ಲಿಸಿದ್ರು.

"ಇದು ಹೇಗಾಯ್ತು ಮಂಜುನಾಥ."

ನನ್ನ ಬಾಯಿ ಇದ್ಯಲ್ಲ, ಅದು ನನ್ನ ಕೇಳದೇನೇ ಓಡ್ತದೆ. "ಚಳಿ ಅಮ್ಮಾವ್ರೆ. ರಾತ್ರಿ ಚಳಿ ಜಾಸ್ತಿ ಇತ್ತು, ಪಾಪ, ಕಂಬಳಿ ಹೊದ್ಕೊಂಡೇ ಸತ್ತೋಗವೆ." ಅಂದೇಬುಟ್ಟೆ ಕಣ್ರೋ. ಯಾರೂ ನಗಲಿಲ್ಲ. ತಾತ ಮೂಗು ಎತ್ತಿ ಗಾಳಿ ಎಳ್ಕೊಂತು. ಔಷಧಿ ವಾಸನೆ ಇಬ್ಬನೀಲಿ ನೆಲಕ್ಕೇ ಅಂಟ್ಕೊಂಡಿತ್ತು. ನನ್ನ ಹೆಗಲ ಮೇಲಿದ್ದ ಕೈ, ನಿಂಬೆಹಣ್ಣು ಹಿಚುಕಿ ಹಿಚುಕಿ ಬಲ ಬಂದಿದ್ದ ಕೈ, ಒಂದ್ಸಲ ಗಟ್ಟಿಯಾಗಿ ಹಿಡೀತು, ಆಮೇಲೆ ಬಿಟ್ಬುಡ್ತು. ಹೊಡೀತದೆ ಅಂದ್ಕೊಂಡೆ. ತಾತ ನನ್ನ ಕಡೆ ತಿರುಗೂ ನೋಡಲಿಲ್ಲ.

"ನಾನೇ ಯೋಳಿದ್ದು ಅಮ್ಮಾರೆ, ಔಸ್ದಿ ಒಡಿ ಅಂತ. ಉಡುಗುಂಗೆ ಏನೂ ತಿಳೀದು."

ಅಮ್ಮಾವ್ರು ತಾತನ ಮುಖಾನೇ ನೋಡಿದ್ರು, ಆಮೇಲೆ ನನ್ನ ಮುಖ. ಅಲ್ಲೇ, ಆ ಒಂದು ಗಳಿಗೆ, ನಾನು ಹೇಳಬೌದಿತ್ತು. ಇಲ್ಲ ಅಮ್ಮಾವ್ರೆ, ತಾತಂಗೆ ಗೊತ್ತಿಲ್ಲ, ನಾನು ಅನ್ನಾಕೆ ಎಷ್ಟು ಹೊತ್ತು ಬೇಕು. ಅರ್ಧ ಸ್ಕೂಲನ್ನ ಮೈಕಲ್ಲಿ ಮನೆಗೆ ಕಳಿಸಿದ ಗಂಟಲು, ಅವತ್ತು ಒಂದು ಸದ್ದು ಹೊರಡ್ಸಲಿಲ್ಲ. ಕಾಲಬೆರಳಲ್ಲಿ ಮಣ್ಣು ಕೆರೀತಾ ನಿಂತೆ. ಅಮ್ಮಾವ್ರು, "ಸರಿ ದ್ಯಾವಪ್ಪ. ತೋಟ ನಂದು, ಇಲ್ಲಿ ಏನಾದ್ರೂ ಅದು ನನ್ನ ಲೆಕ್ಕಕ್ಕೇ ಬರೋದು" ಅಂದ್ರು. ಬೈಲಿಲ್ಲ. ಮತ್ತೆ ತಲೆ ಬಗ್ಗಿಸಿ ಆಯಾಕೆ ಶುರು ಮಾಡಿದ್ರು. ತಾತ ಕೂತ್ಕೊಳ್ಳಾಕೆ ಹೋಯ್ತು, ತಾನೂ ಆಯೋಣ ಅಂತ. ಕಾಲು ಬಗ್ಗಲಿಲ್ಲ. ಅರ್ಧ ಬಗ್ಗಿ, ಹಂಗೇ ನಿಂತು, ಎದ್ದು, ಮಲ್ಲಿಗೆ ಕಡೆ ಕಣ್ಣು ಕೂಡ ಹಾಯಿಸದೆ ಗೇಟ್ ಕಡೆ ತಿರುಗ್ತು. ವಾಪಸ್ ಬರೋವಾಗ ನನ್ನ ಹೆಗಲು ಬೇಡ ಅಂತು. ಕಾಂಪೌಂಡ್ ಗೋಡೆ ಹಿಡ್ಕೊಂಡು ಬಂತು. ಗೋಡೆ ಮುಗಿದ ಕಡೆ ಲೈಟ್ ಕಂಬ, ಕಂಬ ಬಿಟ್ರೆ ನಿಂತಿದ್ದ ಟೆಂಪೋ, ಹಿಂಗೆ. ನಾನು ಹಿಂದೆ ಹಿಂದೆ.

ಅಮ್ಮಾವ್ರು ಮೂರು ದಿನ ಉಪವಾಸ ಕೂತ್ರು. ಅಡುಗೆಯಾಕೆ ಬೀದೀಲೆಲ್ಲ ಹೇಳ್ಕೊಂಡು ಬಂದ್ಳು, ನೀರೂ ಮುಟ್ಟಿಲ್ಲ ಅಂತ. ಎಪ್ಪತ್ತು ದಾಟಿದ ಜೀವ, ಏನಾದ್ರೂ ಆಗೋದ್ರೆ ಅಂತ ಆ ಮೂರು ದಿನ ನಾನು ಯಾರ ದನೀನೂ ತೆಗೀಲಿಲ್ಲ. ತಾತ ಮಾತ್ರೆ ನುಂಗೋದು, ಗಂಜಿ ಕುಡಿಯೋದು, ಗೋಡೆ ಕಡೆ ತಿರುಗೋದು. ಅವ್ವ ಬೈದು ಬೈದು ಸುಸ್ತಾಯ್ತು, "ಮುದುಕಂಗೆ ಯಾಕೆ ಬೇಕಿತ್ತು ಔಷಧಿ ಹೊಡ್ಸೋ ಬುದ್ಧಿ, ಇಷ್ಟು ವರ್ಷದ ಹೆಸರು ಮಣ್ಣು ಮಾಡ್ಕೊಂತು" ಅಂತ. ನನ್ನ ಎದುರಿಗೇ ಅನ್ನೋದು. ತಾತ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ನಾಲ್ಕನೇ ದಿನ ಅಮ್ಮಾವ್ರು ಎದ್ದು ಗಂಜಿ ಕುಡಿದ್ರಂತೆ, ಕುಡಿದು ನಂಗೆ ಹೇಳಿ ಕಳಿಸಿದ್ರು. ಹೋದೆ. ಕೆಲಸ ಬಿಡಿಸ್ತಾರೆ ಅಂತ ಹೋದ್ರೆ, "ಔಷಧಿ ಬಿದ್ದ ಗಿಡ ಎಲ್ಲಾ ಕಿತ್ತು ಆಳವಾಗಿ ಹೂಳು, ದನ ಬಾಯಿ ಹಾಕಬಾರದು. ಮಲ್ಲಿಗೆ ಹಾಗೇ ಇರಲಿ, ದ್ಯಾವಪ್ಪ ಬಂದು ಸವರ್ತಾನೆ" ಅಂದ್ರು. ಬರ್ತದಾ ತಾತ. ನಾನು ಮನೆಗೆ ಬಂದು ಹೇಳ್ದೆ. ತಾತ, "ಅವ್ರ ಮುಂದೆ ನಿಂತ್ಕಂಡು ಸುಳ್ ಯೋಳ್ದೋನು, ಯಾವ್ ಮೊಕ ಇಟ್ಕಂಡು ಆ ಗೇಟು ದಾಟ್ಲಿ" ಅಂತು. ಅಷ್ಟೇ. ಬೈದಿದ್ರೆ ನಾನೂ ಏನೋ ಒಂದು ತಿರುಗಿಸಿ ಹೇಳ್ತಿದ್ದೆ, ಬೈಲೇ ಇಲ್ಲ. ನಿಂಬೆಹಣ್ಣು ಕೇಳೋದು ಬಿಡ್ತು. ನಡೆಯೋದೂ ಬಿಡ್ತು. ನಾನು ದಿನಾ ಹೋಗಿ ಗಿಡ ಕಿತ್ತು ಹೂಳಿ, ಗುಂಡಿ ಮುಚ್ಚಿ, ಗುಲಾಬಿಗೆ ಗೊಬ್ಬರ ಹಾಕಿ, ಬಿಸಿಲು ಬಂದ ಮೇಲೇ ನೀರು ಬಿಟ್ಟು, ಹೇಳಿದ್ದು ಹೇಳ್ದೆ ಇದ್ದಿದ್ದು ಎಲ್ಲಾ ಮಾಡ್ದೆ. ಬಂದು ಹೇಳೋಣ ಅಂದ್ರೆ ತಾತ ಕಣ್ಣು ಮುಚ್ಕೊಂಡಿರೋದು.

ಹದಿನೈದು ದಿನ ಆಗಿರಬೌದು, ಇಲ್ಲ, ಇನ್ನೂ ಸ್ವಲ್ಪ ಜಾಸ್ತಿ, ಶಿವರಾತ್ರಿ ಹತ್ರ ಇತ್ತು. ಬಚ್ಚಲಿಗೆ ಹೋಗೋವಾಗ ತಾತ ಬಿತ್ತು. ಈ ಸಲ ಬಲಗಡೆ ಪೂರ್ತಿ ಹೋಯ್ತು. ಹಾಸನಕ್ಕೆ ಕರ್ಕೊಂಡು ಹೋದ್ರೆ ಡಾಕ್ಟ್ರು, ಎರಡನೇ ಸಲ ಹೊಡೆದಿದೆ, ಇನ್ನು ನಡೆಯೋದು ಕಷ್ಟ ಅಂದು ಕಳಿಸ್ಬುಟ್ರು. ಮನೆಗೆ ತಂದು ಮಲಗಿಸಿದ ಮೂರನೇ ದಿನ ಬೆಳಗ್ಗೆ ನೋಡ್ತೀನಿ, ಬೀದಿ ತುದೀಲಿ ಅಮ್ಮಾವ್ರು. ಕೋಲೂರ್ಕೊಂಡು, ನೆಲ ನೋಡ್ಕೊಂಡು, ಒಂದೊಂದೇ ಹೆಜ್ಜೆ ಇಟ್ಕೊಂಡು ಬರ್ತಾ ಇದ್ರು. ನಮ್ಮ ಮನೆ ಕಡೆ ಅವ್ರು ಬಂದಿದ್ದು ಅದೇ ಮೊದಲು. ನಾನು ಒಳಗೆ ಓಡಿ, "ತಾತ, ಅಮ್ಮಾವ್ರು ಬಂದ್ರು" ಅಂದೆ. ತಾತ ಎಡಗೈಲಿ ಕಂಬಳಿ ಎಳ್ಕೊಂಡು ಮುಖ ಮುಚ್ಕೊಂತು. ಒಳಗಿಂದ ಹೇಳ್ತು, ಅರ್ಧ ಮಾತು ಅರ್ಥ ಆಗ್ತಿರಲಿಲ್ಲ, ಆದ್ರೂ ಇದು ಆಯ್ತು.

"ಮನೀಕಂಡವ್ನೆ ಅನ್ನು. ನಿಂಗೆ ಬತ್ತದಲ್ಲ, ಅನ್ನೋಗು."

ನಿಂಗೆ ಬತ್ತದಲ್ಲ ಅಂತು ನೋಡಿ. ನಾನು ಹೊರಗೆ ಬಂದೆ. ಅಮ್ಮಾವ್ರು ಇಲ್ಲೇ, ಪುಟ್ಟಿ ಕೂತಿದ್ದಾಳಲ್ಲ, ಆ ಕಂಬ ಹಿಡ್ಕೊಂಡು ಉಸಿರು ತಗೊಳ್ತಾ ನಿಂತಿದ್ರು. "ದ್ಯಾವಪ್ಪ ಹೇಗಿದಾನೆ" ಅಂದ್ರು. ಮಲಗಿದೆ ಅಮ್ಮಾವ್ರೆ ಅನ್ನೋಣ ಅಂತ ಬಾಯಿ ತೆಗೆದೆ, ಆ ಮಾತು ಬರಲಿಲ್ಲ. ಬೇರೇದು ಬಂತು. "ಔಷಧಿ ಹೊಡೆದಿದ್ದು ನಾನು ಅಮ್ಮಾವ್ರೆ. ತಾತಂಗೆ ಗೊತ್ತೇ ಇರಲಿಲ್ಲ. ಹುಳಾನೂ ಆಯ್ತಿರಲಿಲ್ಲ ನಾನು, ಪಂಪ್‌ಸೆಟ್ ಮನೇಲಿ ಕೂತಿರ್ತಿದ್ದೆ." ಎಲ್ಲಾ ಒಂದೇ ಉಸಿರಿಗೆ. ಅಳ್ತಿದ್ದೆ ಅಂತ ಹೇಳಲ್ಲ, ಮೂಗು ಸೋರ್ತಿತ್ತು, ಚಳಿ ಬೇರೆ ಇತ್ತು. ಅಮ್ಮಾವ್ರು ಕಂಬ ಬಿಟ್ಟು ಜಗಲೀಲಿ ಕೂತ್ರು.

"ಗೊತ್ತಪ್ಪ," ಅಂದ್ರು. "ಅವತ್ತೇ ಗೊತ್ತಿತ್ತು. ನನ್ನ ತೋಟದಲ್ಲಿ ಆಗಿದ್ದು, ನಾನು ಉಪವಾಸ ಕೂತೆ, ಆಯ್ತು. ಆದ್ರೆ ನೀನು ಹೇಳಬೇಕಾದ ಮಾತನ್ನ ನಾನು ಹೇಳೋಕಾಗತ್ತಾ. ಇವತ್ತು ಬರ್ತಾನೆ, ನಾಳೆ ಬಂದು ಹೇಳ್ತಾನೆ ಅಂತ ಕಾದೆ. ಒಂದು ವಾರದ ಹಿಂದೆ ಹೇಳಿದ್ರೂ ನಾನೇ ಬಂದು ಕೈ ಹಿಡಿದು ಕರ್ಕೊಂಡು ಹೋಗ್ತಿದ್ದೆ ಅವನನ್ನ. ಈಗ ಕರೆದ್ರೆ ಯಾವ ಕಾಲಲ್ಲಿ ಬರ್ತಾನೆ ಮಂಜುನಾಥ."

ಬಾಗ್ಲು ತೆರೆದೇ ಇತ್ತು. ತಾತಂಗೆ ಎಲ್ಲ ಕೇಳಿಸ್ತು. ನಾನು ಒಳಗೆ ಹೋದಾಗ ಕಂಬಳಿ ಮುಖದ ಮೇಲಿಂದ ಸರಿದಿತ್ತು, ಕಣ್ಣು ಬಿಟ್ಕೊಂಡು ಹೆಂಚು ನೋಡ್ತಾ ಇತ್ತು, ಎಡಗಣ್ಣಿಂದ ನೀರು ಕಿವಿಗೆ ಇಳೀತಿತ್ತು. ಅಮ್ಮಾವ್ರು ಒಳಗೆ ಬಂದು ಕಾಲ ಹತ್ರ ಕೂತು, ಕಂಬಳಿ ಕಾಲಿಗೆ ಸರಿಯಾಗಿ ಹೊದಿಸಿ ಹೋದ್ರು. ಆಮೇಲೆ ತಾತ ಇದ್ದಿದ್ದು ಯುಗಾದಿಗಂಟ. ಆ ವರ್ಷ ಮಲ್ಲಿಗೆ ಯಾರೂ ಸವರಲಿಲ್ಲ, ನಂಗೆ ಕತ್ತರಿ ಇಡಾಕೆ ಧೈರ್ಯ ಬರಲಿಲ್ಲ, ಅಮ್ಮಾವ್ರೂ ಹೇಳಲಿಲ್ಲ. ಗಿಡ ಬರೀ ಎಲೆ ಬಿಡ್ತು.

ಈಗ್ಲೂ ಅಲ್ಲಿಗೇ ಹೋಗ್ತೀನಿ, ನಾಳೆನೂ ಹೋಗ್ಬೇಕು. ಹೇಳೋದೇನಪ್ಪ ಅಂದ್ರೆ, ಕೆಲಸ ಮಾಡ್ದೆ ಇದ್ರೆ ಮಾಡಿಲ್ಲ ಅಂತ ಅವತ್ತೇ ಅಂದ್ಬುಡಿ. ಬೆನ್ನಿಗೆ ಒಂದು ಏಟು ಬೀಳ್ತದೆ, ಸಂಜೆಗೆ ಉರಿ ಹೋಗ್ತದೆ, ರಾತ್ರಿ ಅನ್ನ ತಿಂದು ಮಲಗಬೌದು. ಸಾಕು, ಏಳಿ, ಒಳಗೆ ನಡೀರಿ, ಅವ್ವ ಮುದ್ದೆ ಇಳಿಸ್ತಾ ಇದೆ.